ಬಾಯಿಂದ ಹೊಗೆ ಬರುವ ಊರು

ಉದಕಮಂಡಲಕ್ಕೆ ಬಂದ ಮರುದಿನ ಬೆಳಿಗ್ಗೆ ನನ್ನ ಬಾಯಿಂದ ಹೊಗೆ ಬಂತು. ಒಳಗೇನೋ ಸುಡುತ್ತಿದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡು ಕೂತೆ. ಪಕ್ಕದ ಮನೆಯ ಮಾದಿ ನಕ್ಕಳು. ಅದು ಉಸಿರು, ಚಳಿಗೆ ಕಾಣುತ್ತದೆ ಎಂದಳು. ನಮ್ಮ ಗುಂಡ್ಲುಪೇಟೆಯಲ್ಲಿ ಉಸಿರನ್ನು ಕಣ್ಣಲ್ಲಿ ಕಂಡವರುಂಟೆ? ಅವತ್ತಿನಿಂದ ನನಗೆ ಅವಳನ್ನು ಕಂಡರೆ ಆಗದು.

ಮಾದಿ ಆ ಬೆಟ್ಟಸೀಮೆಯದೇ ಸೋಲೂರು ಕಡೆಯ ಬಡಗರ ಹೆಂಗಸು. ಆಸ್ಪತ್ರೆಯಲ್ಲಿ ನನಗೆ ನೆಲ ಒರೆಸುವ ಕೆಲಸ ಕೊಡಿಸಿದವಳು ಅವಳೇ. ಅವಳ ಕೆಲಸ ಬೇರೆ. ಕಂಪೌಂಡರ್ ರೋಗಿಯ ಮೂಗಿನ ಮೇಲಿನ ಬಟ್ಟೆಗೆ ಕ್ಲೋರೋಫಾರಂ ತೊಟ್ಟಿಕ್ಕಿಸುವಾಗ ಅವಳು ಸ್ಟೂಲಿನ ಮೇಲೆ ಕೂತು ನಾಡಿ ಹಿಡಿಯುತ್ತಾಳೆ. ರೆಪ್ಪೆ ಮುಟ್ಟಿದರೆ ಮಿಟುಕಿತೋ, ನಿದ್ದೆ ಸಾಲದು. ಮಿಟುಕಲಿಲ್ಲವೋ, ಕೊಯ್ಯಬಹುದು. ಇನ್ನೂ ಆಳಕ್ಕಿಳಿದರೆ ನಾಡಿ ನೂಲಾಗುತ್ತದೆ, ಉಸಿರು ನಿಲ್ಲುತ್ತದೆ. ನನಗೆ ನಾಲ್ಕಕ್ಷರ ಬರುತ್ತದೆ, ಅವಳಿಗೆ ಅದೂ ಇಲ್ಲ. ಆದರೂ ಸ್ಟೂಲು ಅವಳಿಗೆ, ಒರೆಸುವ ಬಟ್ಟೆ ನನಗೆ.

ಸಾಲದ್ದಕ್ಕೆ ನನ್ನ ತಾಯಿಯಿಲ್ಲದ ಮೊಮ್ಮಗಳು ಚೆನ್ನಿ, ನನ್ನ ರಾಗಿಮುದ್ದೆ ಬಿಟ್ಟು ಅವಳ ಮನೆಯ ಸಾಮೆ ಅನ್ನಕ್ಕೆ ಓಡುತ್ತಿದ್ದಳು. ಮಾದಿಯನ್ನು ಹೆತ್ತೆ ಎಂದು ಕರೆಯುತ್ತಿದ್ದಳು. ಬಡಗರಲ್ಲಿ ಹೆತ್ತೆ ಎಂದರೆ ಅಜ್ಜಿ. ಹಾಗಾದರೆ ನಾನು ಯಾರು?

ಚೆನ್ನಿಯ ತೊಡೆಯಲ್ಲಿ ಕುರು ಎದ್ದಿತು, ಕೊಯ್ಯಬೇಕಾಯಿತು. ಮಾದಿ ಸ್ಟೂಲು ಎಳೆದುಕೊಂಡಾಗ ಅಡ್ಡ ನಿಂತೆ.

"ಇದು ನನ್ ಕೂಸು ಬುದ್ಧಿ. ನಾಡಿ ನಾನೇ ಹಿಡೀತೀನಿ."

ಡಾಕ್ಟರು ಮಾದಿಯ ಮುಖ ನೋಡಿದರು. ಅವಳು ತಲೆದೆಸೆಗೆ ಸರಿದಳು. ಹೆಬ್ಬೆಟ್ಟು ಊರಬೇಡ, ಬೆರಳಲ್ಲಿ ಹಿಡಿ ಎಂದಳು. ಅವಳು ಹೇಳಿದ್ದಕ್ಕೇ ಹೆಬ್ಬೆಟ್ಟು ಊರಿದೆ.

ನಾಡಿ ಗಟ್ಟಿಯಾಗಿ ಹೊಡೆಯುತ್ತಿತ್ತು. ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಲೇ ಇದ್ದೆ. ಔಷಧಿಯ ಘಾಟು ನಿಲ್ಲಬಾರದೆಂದು ಕಿಟಕಿಗಳನ್ನು ತೆರೆದಿದ್ದರು. ಆ ಚಳಿಗೆ ಬಟ್ಟೆಯ ಅಂಚಿನಿಂದ ಮಗುವಿನ ಉಸಿರು ಬೆಳ್ಳಗೆ ಏಳುತ್ತಿತ್ತು. ಮಾದಿ ಅದನ್ನೇ ನೋಡುತ್ತಿದ್ದಳು.

"ಉಸುರು ಇಲ್ಲೆ," ಎಂದಳು. ಬಟ್ಟೆಯಂಚಿನ ಹೊಗೆ ನಿಂತುಹೋಗಿತ್ತು.

ನನ್ನ ಹೆಬ್ಬೆಟ್ಟಿನಡಿ ನಾಡಿ ಇನ್ನೂ ಹೊಡೆಯುತ್ತಿತ್ತು. ಅದು ಕೂಸಿನದಲ್ಲ, ನನ್ನ ಹೆಬ್ಬೆಟ್ಟಿನದೇ.

ಡಾಕ್ಟರು ಬಟ್ಟೆ ಕಿತ್ತೆಸೆದರು. ನಾಲಿಗೆ ಹೊರಗೆಳೆದು ಎದೆ ಒತ್ತಿದರು. ಬಹಳ ಹೊತ್ತಿನ ಮೇಲೆ ಒಂದೆಳೆ ಹೊಗೆ ಬಂತು. ಹೆಬ್ಬೆಟ್ಟಿನ ಮಾತನ್ನು ಮಾದಿ ಇವತ್ತಿಗೂ ಎತ್ತಿಲ್ಲ. ಆ ದೊಡ್ಡತನವೂ ನನಗೆ ಹೊಟ್ಟೆಕಿಚ್ಚೇ.

ಎಚ್ಚರಾಗುತ್ತ ಚೆನ್ನಿ ಹೆತ್ತೇ ಎಂದಳು. ಮಾದಿ ಸುಮ್ಮನಿದ್ದಳು. ನಾನು ಓಗೊಟ್ಟೆ.

ಮೊನ್ನೆ ಸುಗ್ಗಿಗೆ ಊರಿಗೆ ಬಂದಿದ್ದೆವು, ಊರವರು ನೀವೇ ನೋಡಿದಿರಿ. ಮಧ್ಯಾಹ್ನ ಜಗಲಿಯಲ್ಲಿ ಚೆನ್ನಿ ಮಲಗಿದ್ದಳು, ಬಾಯಲ್ಲಿ ಹೊಗೆ ಕಾಣದು. ನಮ್ಮೂರಲ್ಲಿ ಯಾರಿಗೂ ಕಾಣದು ಎಂದು ಗೊತ್ತಿದ್ದೂ ನನ್ನ ಜೀವ ಹಾರಿದಂತಾಯಿತು. ಹೆಬ್ಬೆಟ್ಟು ಮಡಚಿ ಬೆರಳಲ್ಲಿ ಅವಳ ಕೈ ಹಿಡಿದು ಕೂತೆ. ಮಾದಿ ಇರಬೇಕಿತ್ತು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳ ಮೇಲೆ ಮತ್ತೆ ಸಿಟ್ಟು ಬಂತು.