ಎರಡನೇ ಸಾಲಿನ ಪ್ರಾಂಪ್ಟರ್

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದ ನಾಟಕಗಳಿಗೆ ಇಪ್ಪತ್ತು ವರ್ಷ ನಾನೇ ಪ್ರಾಂಪ್ಟರ್. ಹೋಟೆಲು, ಆಫೀಸು ಮುಗಿಸಿ ಲೋಕಲ್ ರೈಲು ಹಿಡಿದು ಬರುವ ನಟರಿಗೆ ಮಾತು ಬಾಯಿಪಾಠ ಮಾಡಲು ಪುರುಸೊತ್ತೆಲ್ಲಿ? ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತ ನಾನು ಹೇಳಿಕೊಟ್ಟದ್ದನ್ನೇ ಅವರು ದೊಡ್ಡ ದನಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ರಂಗದ ಮೇಲೆ ಒಂದು ಕ್ಷಣ ಮೌನವಾದರೂ ನನ್ನ ನಾಲಿಗೆ ತುರಿಸುತ್ತಿತ್ತು. ನಾಟಕ ನಡೆಯುವುದೇ ನನ್ನಿಂದ ಎಂಬ ಜಂಬ ಬೇರೆ.

ಈ ಚಾಳಿ ಮನೆಗೂ ಬಂತು. ಮಗಳು ಆರನೇ ತರಗತಿ, ಚಿಕ್ಕಂದಿನಿಂದ ಉಗ್ಗು. ಅವಳು 'ದೊ... ದೊ...' ಎನ್ನುವಷ್ಟರಲ್ಲಿ ನಾನು 'ದೋಸೆ' ಎಂದು ಮುಗಿಸಿಬಿಡುತ್ತಿದ್ದೆ. ಅಂಗಡಿಯಲ್ಲಿ, ನೆಂಟರ ಎದುರು ಅವಳ ಮಾತೆಲ್ಲ ನನ್ನದೇ. ಅದನ್ನು ಪ್ರೀತಿ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಜನ ಅವಳ ಬಾಯಿಯನ್ನೇ ನೋಡುತ್ತ ಕಾಯುವುದು ನನಗೆ ಅವಮಾನವೆನಿಸುತ್ತಿತ್ತು.

ಕಳೆದ ವರ್ಷ ಗೋರೆಗಾಂವ್‌ನ ಅವಳ ಶಾಲೆಯಲ್ಲಿ ಗುರುವಾರಕ್ಕೊಂದು ನಾಟಕದ ಪೀರಿಯಡ್ ಶುರುವಾಯಿತು. ಆ ಹೊತ್ತನ್ನು ಗಣಿತಕ್ಕೆ ಕೊಡಬಾರದೇ ಎಂದು ಗೊಣಗಿದೆ. ಆದರೆ ಕೆಲವೇ ತಿಂಗಳಲ್ಲಿ ಅವಳು ಹಾಲಿನವನ ಹತ್ತಿರ ತಾನೇ ಮಾತಾಡಿದಳು, ಫೋನ್ ಎತ್ತತೊಡಗಿದಳು. ಉಗ್ಗು ಹೋಗಿರಲಿಲ್ಲ, ಅದಕ್ಕೆ ನಾಚುವುದನ್ನು ಬಿಟ್ಟಿದ್ದಳು. ಅದೆಲ್ಲ ನಾನು ತಂದ ಟಾನಿಕ್ಕಿನ ಮಹಿಮೆ ಎಂದುಕೊಂಡೆ!

ಒಂದು ಶನಿವಾರ ಬೆಳಿಗ್ಗೆ ಪಾಲಕರ ಮುಂದೆ ಅವಳ ತರಗತಿಯ ನಾಟಕ. ಕಿಕ್ಕಿರಿದ ಲೋಕಲ್‌ನಲ್ಲಿ ಸಿಕ್ಕಿಕೊಂಡ ಹುಡುಗಿ ದಾದರ್‌ನಲ್ಲಿ ಇಳಿಯಬೇಕು, ಯಾರೂ ದಾರಿ ಬಿಡುವುದಿಲ್ಲ. ಆ ಹುಡುಗಿಯ ಪಾತ್ರ ನನ್ನ ಮಗಳದು. ಅವಳಿಗಿದ್ದದ್ದು ಹಿಂದಿಯ ಒಂದೇ ಮಾತು: 'ಮುಝೆ ಉತರ್‌ನೇ ದೋ', ನನ್ನನ್ನು ಇಳಿಯಲು ಬಿಡಿ. ಮನೆಯಲ್ಲಿ ನೂರು ಸಲ ಹೇಳಿದ್ದಳು, ನನಗೂ ಬಾಯಿಗೆ ಬಂದಿತ್ತು.

ಸ್ಟೇಷನ್ ಬಂತು. ರಂಗದ ಮೇಲಿನ ಗದ್ದಲ ನಿಂತಿತು. ಮಗಳು ಜನರತ್ತ ತಿರುಗಿ ನಿಂತಳು. ಮಾತಿಲ್ಲ. ಹಾಲ್ ತುಂಬ ನಿಶ್ಶಬ್ದ. ಎರಡನೇ ಸಾಲಿನಲ್ಲಿ ಕೂತಿದ್ದ ನನ್ನಿಂದ ತಡೆಯಲಾಗಲಿಲ್ಲ.

'ಮುಝೆ ಉತರ್‌ನೇ ದೋ!'

ಇಪ್ಪತ್ತು ವರ್ಷ ಪಳಗಿದ ದನಿ, ಹಿಂದಿನ ಗೋಡೆಯವರೆಗೂ ಕೇಳಿಸಿತು. ಎಲ್ಲರೂ ಗೊಳ್ಳೆಂದು ನಕ್ಕರು. ಮಗಳು ನನ್ನನ್ನು ನೋಡಿದಳು, ತೆರೆದಿದ್ದ ಬಾಯಿ ಮುಚ್ಚಿದಳು. ಪರದೆ ಎಳೆದರು.

ರಿಕ್ಷಾದಲ್ಲಿ "ಎಂತಾಯ್ತು ಮಗಾ?" ಎಂದೆ. ಅವಳು ಏನೋ ಹೇಳಹೊರಟಳು, ಮಾತು ಸಿಕ್ಕಿಕೊಂಡಿತು. ಮತ್ತೆ ನಾನೇ ಮುಗಿಸಿದೆ: "ಮರ್ತು ಹೋಯ್ತಾ? ಅಡ್ಡಿಲ್ಲ ಮಾರಾಯ್ತಿ, ದೊಡ್ಡ ದೊಡ್ಡವರಿಗೂ ಮರ್ತು ಹೋಗ್ತದೆ." ಅವಳು ಹೌದೆಂದು ತಲೆಯಾಡಿಸಿದಳು.

ಸೋಮವಾರ, ಅವಳಿಗೆ ಇನ್ನೊಂದು ಅವಕಾಶ ಕೊಡಿ ಎಂದು ಬೇಡಲು ನಾಟಕದ ಟೀಚರ್ ಹತ್ತಿರ ಹೋದೆ. ಅವಳು ಏನನ್ನೂ ಮರೆತಿರಲಿಲ್ಲ ಎಂದರು ಆಕೆ. ಮಾತು ತಾನಾಗಿ ಬರುವವರೆಗೆ ನಿಲ್ಲು, ಜನ ಕಾಯಲಿ ಎಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದರಂತೆ. ಅಷ್ಟು ಜನರನ್ನು ಕಾಯಿಸುವ ಧೈರ್ಯ ಇಡೀ ತರಗತಿಯಲ್ಲಿ ಅವಳೊಬ್ಬಳಿಗೇ ಇತ್ತಂತೆ. ನನಗೆ ನಿಂತಲ್ಲೇ ಭೂಮಿ ಬಾಯ್ಬಿಡಬಾರದೇ ಅನಿಸಿತು. ಮಗಳು ರಿಕ್ಷಾದಲ್ಲಿ ತಲೆಯಾಡಿಸಿದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ.

ಸಂಜೆ ಅವಳೆದುರು ಕೂತೆ. "ಮೊನ್ನೆ ರಿಕ್ಷಾದಲ್ಲಿ ನೀನು ಎಂತ ಹೇಳ್ಲಿಕ್ಕೆ ಹೊರಟದ್ದು?" ಎಂದು ಕೇಳಿ ತುಟಿ ಕಚ್ಚಿ ಹಿಡಿದೆ. ಅವಳು ಶುರು ಮಾಡಿದಳು, ನಿಂತಳು, ಮತ್ತೆ ಶುರು ಮಾಡಿದಳು. ಒಳಗೆ ಕುಕ್ಕರ್ ಎರಡು ಸಲ ಕೂಗಿತು.

"ಅಪ್ಪ, ಅಷ್ಟು ಜನ ಇದ್ರು, ನಂಗೆ ಡರ್ ಆಗ್ಲಿಲ್ಲ. ನೀ... ನೀವು ಬಂದಿದ್ದೀರಿ ಅಂತ್ಲೇ ಹೆದರಿಕೆ ಆದದ್ದು."