ಎಳೆದರೆ ಬಿಚ್ಚಿಕೊಳ್ಳುವ ಗುಂಡಿ

ಹ್ಯೂಅನ್ ನದಿಯ ದಂಡೆಯ ಆ ಊರಿನಲ್ಲಿ ಬುಧವಾರ ಬೆಳಿಗ್ಗೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಕ್ರೋಶಾ ಕಡ್ಡಿ ಹಿಡಿದು ಸೇರುವ ಹೆಂಗಸರೆಲ್ಲ ಹೆಣೆಯುತ್ತಿದ್ದದ್ದು ಚೌಕ. ಉಲ್ಲನ್ನಿನ ಆ ಚೌಕಗಳಿಗೆ 'ಅಜ್ಜಿ ಚೌಕ' ಎಂದೇ ಹೆಸರು. ನೂರಾರು ಚೌಕ ಜೋಡಿಸಿದರೆ ಒಂದು ಕಂಬಳಿ. ಎಲ್ವಾ ಟ್ರಿಫಿಟ್ ಒಬ್ಬಳು ಮಾತ್ರ ಆಯತ ಹೆಣೆಯುತ್ತಿದ್ದಳು.

"ಏನೇ ಎಲ್ವಾ, ರೈಲು ಹಳಿ ಹಾಕ್ತಿದ್ದೀಯ?" ಎಂದು ವರ್ನಾ ವಾರಕ್ಕೊಮ್ಮೆಯಾದರೂ ಕೆಣಕುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ನಿನ್ನ ಕಂಬಳಿ ಮಂಚದ ಮೇಲೆ ಬಿದ್ಕೊಂಡಿರತ್ತೆ ಕಣೆ. ನನ್ನ ಮಫ್ಲರ್ ಊರೆಲ್ಲ ಸುತ್ತತ್ತೆ," ಎನ್ನುತ್ತಿದ್ದಳು ಎಲ್ವಾ, ತಲೆಯೆತ್ತದೆ.

ಚೌಕವನ್ನು ಒಂದು ಪುಟ್ಟ ಉಂಗುರದಿಂದ ಶುರುಮಾಡುತ್ತಾರೆ. ಸುತ್ತ 'ಕಂಬ' ಎನ್ನುವ ಉದ್ದ ಹೆಣಿಗೆಯನ್ನು ಮೂರು ಮೂರರ ಗೊಂಚಲಾಗಿ ಕೂರಿಸುತ್ತ ಹೋದರೆ ನಾಲ್ಕೂ ಕಡೆ ಸಮನಾಗಿ ಬೆಳೆಯುತ್ತದೆ. ಆಯತಕ್ಕೆ ಉಂಗುರದ ಬದಲು ಕೊಂಡಿಗೆ ಕೊಂಡಿ ಸೇರಿಸಿ ಹೆಣೆದ ಸರಪಳಿ ಬೇಕು. ಮೊದಲ ಸರಪಳಿಯ ಉದ್ದವೇ ಕೊನೆಯವರೆಗೂ ಆ ಆಯತದ ಹಣೆಬರಹ. ಅಲ್ಲಿ ಲೆಕ್ಕ ತಪ್ಪಿದರೆ ಮುಂದೆ ಎಷ್ಟು ಸುತ್ತು ಹಾಕಿದರೂ ನೇರವಾಗುವುದಿಲ್ಲ. ಎಲ್ವಾಳಿಗೆ ಇದು ಯಾರೂ ಹೇಳಿಕೊಟ್ಟದ್ದಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೇಬು ಕೀಳುವಾಗ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಪ್ಲಾಸ್ಟರಿನಲ್ಲಿ ಮಲಗಿದ್ದಳು. ಹಿಲ್ಡಾ ಚಿಕ್ಕಮ್ಮ ಕಡ್ಡಿ ಕೊಟ್ಟು ಚೌಕ ಕಲಿಸಿದಳು. ನಲವತ್ತು ಚೌಕವಾಗುವಷ್ಟರಲ್ಲಿ ಎಲ್ವಾಳಿಗೆ ತಲೆ ಚಿಟ್ಟು ಹಿಡಿದು, ಉಂಗುರ ಬಿಟ್ಟು ಸರಪಳಿ ಎಳೆದು ನೋಡಿದ್ದಳು. ಕಾಲು ಕೂಡಿದ ಮೇಲೆ ಏಣಿಯ ಕಡೆ ಸುಳಿಯಲಿಲ್ಲ. ಪ್ಯಾಕಿಂಗ್ ಶೆಡ್ಡಿನಲ್ಲಿ ಸೇಬಿಗೆ ಕಾಗದ ಸುತ್ತುವ ಕೆಲಸ ಹಿಡಿದಳು, ದೋಣಿ ರಿಪೇರಿ ಮಾಡುವ ಕೀತನನ್ನು ಮದುವೆಯಾದಳು, ಮೂವತ್ತೊಂದು ವರ್ಷ ಅದೇ ಶೆಡ್ಡಿನಲ್ಲಿ ದುಡಿದು ನಿವೃತ್ತಳಾದಳು.

ಅವಳಿಗೆ ಅರವತ್ತೆಂಟು ತುಂಬಿದ ವರ್ಷ ನೆರೆಯ ಗ್ರೇಮ್‌ನ ಸೇಬಿನ ತೋಟಕ್ಕೆ ಟೊಂಗಾ ದ್ವೀಪದಿಂದ ಒಂಬತ್ತು ಜನ ಕೊಯ್ಲಿಗೆ ಬಂದರು. ಗ್ರೇಮ್‌ನದು ಹಳೆಯ ತೋಟ. ಎತ್ತರದ ಮರಗಳು, ಏಣಿ ಬೇಕೇ ಬೇಕು. ಭೂಮಿಯ ಆ ದಕ್ಷಿಣ ತುದಿಯಲ್ಲಿ ಚಳಿ ಶುರುವಾಗುವ ಮೇ ತಿಂಗಳ ಒಂದು ಮುಂಜಾನೆ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿತ್ತು. ಬೇಲಿಯಾಚೆ ಸೇಮಿಸಿ ಎಂಬ ದಢೂತಿ ಯುವಕ ಕತ್ತಿಗೆ ಸ್ನಾನದ ಟವೆಲ್ ಸುತ್ತಿಕೊಂಡು ಏಣಿ ಹತ್ತುತ್ತಿದ್ದದ್ದು ಎಲ್ವಾಳ ಕಣ್ಣಿಗೆ ಬಿತ್ತು.

"ಪಾಪ, ಟವೆಲ್ ಸುತ್ಕೊಂಡಿದ್ದಾನೆ ಕೀತ್."

"ಸರಿ ಬಿಡು. ಇನ್ನು ಹದಿನೈದು ದಿನ ನನಗೆ ಊಟ ತಣ್ಣಗೇ ಸಿಗೋದು," ಎಂದ ಕೀತ್.

ಹದಿನೈದು ಬೇಕಾಗಲಿಲ್ಲ, ಹನ್ನೊಂದು ದಿನದಲ್ಲಿ ಒಂಬತ್ತು ಮಫ್ಲರ್ ಮುಗಿದವು. ಒಂದೊಂದಕ್ಕೆ ಇನ್ನೂರ ನಲವತ್ತು ಕೊಂಡಿಯ ಸರಪಳಿ, ಸುತ್ತ ನಾಲ್ಕು ಸುತ್ತು. ಭಾನುವಾರ ಚರ್ಚಿನಲ್ಲಿ ಟೊಂಗಾದವರು ಒಂಬತ್ತು ಬಣ್ಣ ಕತ್ತಿಗೆ ಸುತ್ತಿಕೊಂಡು ನಿಂತು ಹಾಡಿದರು. ಆ ದಿನವೆಲ್ಲ ಎಲ್ವಾಳ ಮುಖ ಅರಳಿಯೇ ಇತ್ತು.

ಅದಾಗಿ ಮೂರನೆಯ ದಿನ, ಬುಧವಾರ, ವರ್ನಾ ಹಾಲ್‌ಗೆ ತಡವಾಗಿ ಬಂದಳು. ಬಂದವಳು ಕೆಣಕಲಿಲ್ಲ.

"ಎಲ್ವಾ, ನಿನ್ನೆ ಗ್ರೇಮ್ ತೋಟದಲ್ಲಿ ಒಂದು ಅನಾಹುತ ಆಗ್ಬಿಡ್ತಿತ್ತು. ಗಾಬರಿ ಆಗ್ಬೇಡ. ಹುಡುಗ ಚೆನ್ನಾಗಿದ್ದಾನೆ."

ಸೇಮಿಸಿ ತುಂಬಿದ ಚೀಲ ಎದೆಗೆ ಕಟ್ಟಿಕೊಂಡು ಏಣಿ ಇಳಿಯುತ್ತಿದ್ದ. ಮಫ್ಲರಿನ ತುದಿ ಮೇಲಿನ ಮೆಟ್ಟಿಲ ಕೊಕ್ಕೆಗೆ ಸಿಕ್ಕಿಕೊಂಡಿತು, ಇಬ್ಬನಿಯ ಮೆಟ್ಟಿಲಲ್ಲಿ ಕಾಲು ಜಾರಿ ಅವನು ಕತ್ತಿನಿಂದ ನೇತಾಡಿಬಿಟ್ಟ. ಕೆಳಗೆ ಅವನ ಅಕ್ಕ ಫೊಲೋಲಾ ಇದ್ದಳು. ಓಡಿ ಬಂದು ಅವನ ಕಾಲುಗಳನ್ನು ತಬ್ಬಿ ಮೇಲಕ್ಕೆತ್ತಿ ಹಿಡಿದದ್ದರಿಂದ ಕತ್ತಿನ ಸುತ್ತ ಕೆಂಪು ಗೆರೆ ಬಿದ್ದದ್ದಷ್ಟೇ. ಇನ್ನು ತೋಟದಲ್ಲಿ ಯಾರೂ ಮಫ್ಲರ್ ತೊಡಕೂಡದೆಂದು ಗ್ರೇಮ್ ಹೇಳಿಬಿಟ್ಟನಂತೆ.

ಎಲ್ವಾ ಅರ್ಧ ಹೆಣೆದದ್ದನ್ನು ಚೀಲಕ್ಕೆ ತುರುಕಿ ಎದ್ದು ಮನೆಗೆ ನಡೆದಳು. ಕಡ್ಡಿಗಳನ್ನೆಲ್ಲ ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿ ಮುಚ್ಚಿದಳು.

"ಬೇರೆಯವರಾದ್ರೆ ಗೊತ್ತಿರಲಿಲ್ಲ ಅನ್ನಬಹುದು," ಎಂದಳು ಕೀತನಿಗೆ. "ಏಣಿಯಿಂದ ಬಿದ್ದವಳು ನಾನು. ಜೋತಾಡೋ ಬಟ್ಟೆ ಏಣಿ ಹತ್ತಿರ ಹೋಗಬಾರದು ಅಂತ ನನಗೇ ಹೊಳೀಲಿಲ್ವಲ್ಲ."

ಕೀತ್ ಸಮಾಧಾನದ ಮಾತು ಬಲ್ಲವನಲ್ಲ. ಟೀ ಮಾಡಿ ಮುಂದಿಟ್ಟ. ಸ್ವಲ್ಪ ಹೊತ್ತಿನ ಮೇಲೆ, "ಹೋಗಿ ನೋಡ್ಕೊಂಡು ಬಾ. ಇಲ್ಲಿ ಕೂತು ಡ್ರಾಯರ್ ನೋಡಿದ್ರೆ ಏನು ಬಂತು?" ಎಂದ.

ಎರಡು ದಿನ ತಡೆದು, ಮೂರನೆಯ ದಿನ ಕುರಿಮಾಂಸ, ಬಾರ್ಲಿ ಹಾಕಿದ ಸೂಪಿನ ಪಾತ್ರೆ ಹಿಡಿದು ಎಲ್ವಾ ಕೆಲಸಗಾರರ ಮನೆಗೆ ಹೋದಳು. ಬಾಗಿಲು ತೆರೆದವನು ಸೇಮಿಸಿಯೇ. ಕತ್ತಿನ ಗೆರೆ ನೀಲಿಗೆ ತಿರುಗಿತ್ತು. ಅದನ್ನೇ ನೋಡುತ್ತ ಅವಳು ಪಾತ್ರೆ ಮುಂದೆ ಚಾಚಿದಳು.

"ಬನ್ನಿ ಅಜ್ಜಿ," ಎಂದ ಅವನು ಪಾತ್ರೆ ಇಸಿದುಕೊಳ್ಳುತ್ತ. "ನಿಮ್ಮ ಹೆಣಿಗೆ ಭಾಳ ಗಟ್ಟಿ. ನನ್ನ ನೂರಿಪ್ಪತ್ತು ಕಿಲೋ ತೂಗಿ ನೋಡಿದೀನಿ, ಒಂದು ಎಳೆ ಹರಿದಿಲ್ಲ."

ಒಳಗಿನಿಂದ ಫೊಲೋಲಾ ಗದರಿದಳು. "ಬಾಯ್ಮುಚ್ಚೋ. ಅವರ ಮುಖ ನೋಡು, ಅಳೋ ಹಾಗಾಗಿದೆ."

ಎಲ್ವಾ ಅತ್ತೇಬಿಟ್ಟಳು. ಫೊಲೋಲಾ ಅವಳನ್ನು ಒಲೆಯ ಪಕ್ಕದ ಕುರ್ಚಿಗೆ ಕೂರಿಸಿ, ಮಗುವಿಗೆ ಒರೆಸುವಂತೆ ಕಣ್ಣೊರೆಸಿದಳು. ಆಮೇಲೆ ಒಂಬತ್ತೂ ಮಫ್ಲರ್ ತಂದು ಮಡಿಲಲ್ಲಿ ಹಾಕಿದಳು.

"ವಾಪಸ್ ಕೊಡ್ತಿದ್ದೀಯಾ?"

"ವಾಪಸ್ ಯಾಕೆ ಕೊಡಲಿ? ಕೊಟ್ಟದ್ದು ಕೊಟ್ಟಾಯ್ತು, ನಮ್ಮದು. ಆದ್ರೆ ಬೆಳಿಗ್ಗೆ ಚಳಿ ಕಡಿಮೆಯಾಗಿಲ್ಲ. ಇದಕ್ಕೆ ಬಾಲ ಇರದ ಹಾಗೆ ಮಾಡಕ್ಕಾಗತ್ತಾ ಹೇಳಿ."

ಹಾಗೆನ್ನುತ್ತ ಫೊಲೋಲಾ ತನ್ನ ಚೀಲದಿಂದ ಒಂದು ಕ್ರೋಶಾ ಕಡ್ಡಿ ತೆಗೆದಳು. ಅವಳ ಊರಿನ ಹೆಂಗಸರೂ ಹೆಣೆಯುವವರೇ. ಬೆರಳು ನೋಡದೆ, ಮಾತು ನಿಲ್ಲಿಸದೆ ಸರಪಳಿ ಎಳೆಯತೊಡಗಿದಳು. ಎಲ್ವಾ ಅಳು ಮರೆತು ಆ ಕೈಯನ್ನೇ ನೋಡಿದಳು. ಅಷ್ಟು ಚುರುಕು ಕೈಯನ್ನು ಬುಧವಾರದ ಹಾಲ್‌ನಲ್ಲಿ ಅವಳು ಕಂಡಿರಲಿಲ್ಲ.

ತುದಿಗಳೆರಡನ್ನೂ ಸೇರಿಸಿ ಹೊಲಿದರೆ ಆಯಿತೇ? ಇಲ್ಲ, ಉದ್ದದ ಮಫ್ಲರ್ ಸೇರಿಸಿದರೆ ಎದೆಗೆ ಜೋಲುವ ಕುಣಿಕೆಯಾಗುತ್ತದೆ, ಅದು ಇನ್ನೂ ಅಪಾಯ. ಬಿಚ್ಚಿ ಮೊದಲಿಂದ ಶುರುಮಾಡಬೇಕು, ಸರಪಳಿಯನ್ನೇ ಗಿಡ್ಡ ಮಾಡಬೇಕು. ಎಪ್ಪತ್ತೈದು ಕೊಂಡಿ, ಐದು ಸುತ್ತು. ತುದಿ ಕೂಡಿಸಿದರೆ ಕತ್ತಿಗೆ ಅಂಟಿಕೊಂಡು ಕೂರುವ ಅಗಲ ಪಟ್ಟಿ. ಸೇಮಿಸಿ ಮಫ್ಲರ್ ಬಿಚ್ಚುತ್ತ ಉಂಡೆ ಸುತ್ತಿದ, ಹೆಂಗಸರಿಬ್ಬರೂ ಹೆಣೆದರು.

ಆದರೂ ಎಲ್ವಾಳ ಮನಸ್ಸು ಒಪ್ಪಲಿಲ್ಲ. "ಹೊಲಿದು ಮುಚ್ಚೋದು ಬೇಡ. ಗುಂಡಿ ಹಾಕೋಣ. ಅದೂ ಒಂದೇ ಎಳೆ ಹತ್ತಿ ದಾರದಲ್ಲಿ. ಜೋರಾಗಿ ಎಳೆದ್ರೆ ಗುಂಡಿ ಕಿತ್ತು ಬರಬೇಕು, ಕತ್ತು ಉಳೀಬೇಕು."

ಮೊದಲ ಪಟ್ಟಿಯನ್ನು ಅವಳು ಮನೆಯಲ್ಲಿ ಕೀತನ ಕತ್ತಿಗೆ ಹಾಕಿ, ಅದಕ್ಕೊಂದು ಹಗ್ಗ ಸಿಕ್ಕಿಸಿ ಹಿಂದಿನಿಂದ ಎಳೆದಳು. ಗುಂಡಿ ಬರಲಿಲ್ಲ, ಕೀತ್ ಬಂದ.

"ನಲವತ್ತಾರು ವರ್ಷ ಸುಮ್ಮನಿದ್ದು ಈಗ ಸಾಯಿಸೋಕೆ ಹೊರಟ್ಯಾ?" ಎಂದ ಕೆಮ್ಮುತ್ತ.

ದಾರ ಬದಲಾಯಿಸಿ ಮತ್ತೆ ಎಳೆದಳು. ಮೂರನೆಯ ಸಲ ಗುಂಡಿ ಟಪ್ಪೆಂದು ಹಾರಿ ಒಲೆಯ ಅಡಿಗೆ ಉರುಳಿತು. ಅದನ್ನು ಹೆಕ್ಕದೆ ಅವಳು ಅದೇ ದಾರದ ರೀಲನ್ನು ಚೀಲಕ್ಕೆ ಹಾಕಿಕೊಂಡಳು.

ಗ್ರೇಮ್ ಒಂಬತ್ತನ್ನೂ ತಾನೇ ಒಂದೊಂದಾಗಿ ಏಣಿಯ ಕೊಕ್ಕೆಗೆ ಸಿಕ್ಕಿಸಿ ಎಳೆದು ನೋಡಿದ. ಒಂಬತ್ತು ಗುಂಡಿಯೂ ಕಿತ್ತು ಬಂದವು. "ಸರಿ, ಹಾಕ್ಕೊಳ್ಳಿ," ಎಂದ. ಎಲ್ವಾ ಅಲ್ಲೇ ಸೇಬಿನ ಪೆಟ್ಟಿಗೆಯ ಮೇಲೆ ಕೂತು ಒಂಬತ್ತನ್ನೂ ಮತ್ತೆ ಹೊಲಿದಳು.

ಅಲ್ಲಿಂದ ಮುಂದೆ, ಬುಧವಾರ ಮಳೆ ಬಂದು ತೋಟದ ಕೆಲಸ ನಿಂತಾಗಲೆಲ್ಲ ಫೊಲೋಲಾ ಹಾಲ್‌ಗೆ ಬಂದು ಎಲ್ವಾಳ ಪಕ್ಕ ಕೂರುತ್ತಿದ್ದಳು. ವರ್ನಾ ಕೂಡ ಒಂದು ಆಯತ ಹೆಣೆದಳು. ಒಂದು ಕಡೆ ಅಗಲ, ಒಂದು ಕಡೆ ಕಿರಿದು.

"ಇದು ಆಯತ ಅಲ್ಲ, ಮೀನಿನ ಬಲೆ," ಎಂದಳು ಫೊಲೋಲಾ. ಹಾಲ್ ಪೂರ್ತಿ ನಕ್ಕಿತು, ವರ್ನಾಳೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ಜೂನಿನಲ್ಲಿ ಟೊಂಗಾದವರು ಊರಿಗೆ ಹೊರಟರು. ಆ ಬಿಸಿಲಿನ ದ್ವೀಪದಲ್ಲಿ ಉಲ್ಲನ್ ಪಟ್ಟಿಗೆ ಏನು ಕೆಲಸವೆಂದು ಎಲ್ವಾ ಯೋಚಿಸಿದ್ದುಂಟು. ಮರುವರ್ಷ ಸುಗ್ಗಿಗೆ ಬಂದಾಗ ಫೊಲೋಲಾ ಸುದ್ದಿ ತಂದಳು. ಸೇಮಿಸಿಯ ಪಟ್ಟಿಯನ್ನು ಅವರ ಅಮ್ಮ ಕಿತ್ತುಕೊಂಡು ನೋಯುವ ಮೊಣಕಾಲಿಗೆ ಹಾಕಿಕೊಂಡಿದ್ದಾಳೆ. ಬಿಚ್ಚುವುದು ಸ್ನಾನಕ್ಕೆ ಮಾತ್ರ. ಈಗ ಇನ್ನೊಂದು ಕಾಲಿಗೂ ಬೇಕಂತೆ.

"ನೀನೇ ಹೆಣೆದುಕೊಡಬಹುದಿತ್ತಲ್ಲ?"

"ಹೆಣೆದೆ. ಬೇಡವಂತೆ. ಎಲ್ವಾ ಮಾಡಿದ್ದೇ ಬೇಕಂತೆ. ಹೆತ್ತ ಮಗಳಿಗೆ ಹೇಳೋ ಮಾತಾ ಇದು?"

ಎಲ್ವಾ ನಗುತ್ತ ಉಲ್ಲನ್ನಿನ ಬುಟ್ಟಿ ಎಳೆದುಕೊಂಡಳು. "ಮೊಣಕಾಲು ಎಷ್ಟು ದಪ್ಪ ಇದೆ, ಕೈಯಲ್ಲಿ ತೋರಿಸು."

ಫೊಲೋಲಾ ಎರಡೂ ಕೈ ಅಗಲಿಸಿ ಗಾಳಿಯಲ್ಲಿ ಒಂದು ದೊಡ್ಡ ಕುಂಬಳಕಾಯಿ ಹಿಡಿದಂತೆ ತೋರಿಸಿದಳು. ಎಲ್ವಾ ಕನ್ನಡಕ ಸರಿಪಡಿಸಿಕೊಂಡು ಆ ಕೈಗಳ ನಡುವಿನ ಅಳತೆಯನ್ನು ನೋಡಿ, ನೀಲಿ ಉಂಡೆಯೊಂದನ್ನು ಆರಿಸಿ, ಮೊದಲ ಕೊಂಡಿ ಹಾಕಿದಳು.