ಅರ್ಜಿ ಮಾವನ ಎದುರಿನ ಕುರ್ಚಿ

ವಾರದಲ್ಲಿ ಆರು ದಿನ ಅವರು ಲಾಂಡ್ರಿಯಲ್ಲಿ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುತ್ತಾರೆ. ಏಳನೆಯ ದಿನ ನಮಗೆಲ್ಲ ಅರ್ಜಿ ಮಾವ. ಈ ದೇಶಕ್ಕೆ ನಮಗಿಂತ ಮೊದಲು ಬಂದವರು, ಇಲ್ಲಿನ ಭಾಷೆ ಓದಿ ಬರೆಯಬಲ್ಲವರು. ಭಾನುವಾರ ಬೆಳಿಗ್ಗೆ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಾರೆ. ಅರ್ಥವಾಗದ ಸರ್ಕಾರಿ ಕಾಗದ ಹಿಡಿದು ನಾವು ಸಾಲಾಗಿ ಕುರ್ಚಿಗಳಲ್ಲಿ ಕಾಯುತ್ತೇವೆ. ತಲೆ ಎತ್ತದೆ, "ಹೇಳಿ, ಏನ್ ವಿಷಯ?" ಎನ್ನುತ್ತಾರೆ. ಆಮೇಲೆ ಎಷ್ಟು ಹೊತ್ತಾದರೂ ಕೇಳಿಸಿಕೊಳ್ಳುತ್ತಾರೆ. ನನ್ನ ಮಂಡಿನೋವಿನ ಕತೆಯನ್ನೂ ಪೂರ್ತಿ ಕೇಳಿದ್ದಾರೆ. ಅದು ಯಾವ ಅರ್ಜಿಗೂ ಬೇಕಿರಲಿಲ್ಲ.

ಮನೆಯಲ್ಲಿ ಮಾತ್ರ ಅವರ ಕಿವಿಗೆ ರಜೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವರ ಹೆಂಡತಿ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಮಗಳಿಗೆ ಮೂರು ಗಂಟೆ ದಾರಿಯ ಊರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅಪ್ಪನ ಸಹಿ ಬೇಕು, ಸೋಮವಾರವೇ ಕೊನೆಯ ದಿನ. ಫಾರಂ ಹನ್ನೊಂದು ದಿನದಿಂದ ಫ್ರಿಜ್ ಮೇಲೆ ಬಿದ್ದಿತ್ತು. ಕೇಳಿದಾಗಲೆಲ್ಲ, "ಆಮೇಲೆ ನೋಡೋಣ." ಮಗಳನ್ನು ಬಿಟ್ಟಿರಲು ಮನಸ್ಸಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಅಲ್ಲ.

ಆ ಭಾನುವಾರ ಅವಳು ಫಾರಂ ಹಿಡಿದು ಬಂದು ನನ್ನ ಪಕ್ಕ, ಸಾಲಿನ ಕೊನೆಯಲ್ಲಿ ಕೂತಳು.

"ಮುಂದೆ ಹೋಗಮ್ಮ, ನಿಮ್ಮಪ್ಪನೇ ಅಲ್ವಾ," ಎಂದೆ.

"ಬೇಡ ಆಂಟಿ, ಸಾಲಲ್ಲೇ ಬರ್ತೀನಿ."

ಎರಡು ಗಂಟೆ ಕಾದಳು. ನನ್ನ ಕೆಲಸ ಮುಗಿಯಿತು. ಆದರೂ ಎದ್ದು ಹೋಗಲು ಮನಸ್ಸಾಗದೆ, ಓದಲು ಬರದ ಕಾಗದವನ್ನು ಓದುತ್ತ ಕೂತೆ.

"ಹೇಳಿ, ಏನ್ ವಿಷಯ?"

"ನಮ್ಮಪ್ಪ ಒಂದು ಸಹಿ ಹಾಕ್ತಿಲ್ಲ. ಯಾರಿಗೆ ಅರ್ಜಿ ಕೊಡ್ಬೇಕು?"

ಮಾವ ತಲೆ ಎತ್ತಿದರು. ಪೆನ್ನು ಕೆಳಗಿಟ್ಟರು.

"ಅಷ್ಟು ದೂರ ಹೋಗ್ಲೇಬೇಕಾ?"

"ಹೋಗ್ಬೇಕು. ಯಾಕೆ ಅಂತ ಹೇಳ್ಲಾ?"

"ಹೇಳು."

ಅವಳು ಹೇಳಿದಳು, ಬಹಳ ಹೊತ್ತು. ಅವರು ನಡುವೆ ಬಾಯಿ ಹಾಕದೆ ಕೇಳಿದರು, ನಾಲ್ಕೂ ಪುಟ ಓದಿ ಸಹಿ ಹಾಕಿದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಆಯಿತು. ಇಷ್ಟಕ್ಕೆ ಆ ಹುಡುಗಿ ಎರಡು ಮಹಡಿ ಇಳಿದು ಬರಬೇಕಾಯಿತಲ್ಲ!

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.